ದೊಡ್ಡಪ್ಪ ಕುದುರಿಸಿದ ಕಂಪ್ಯೂಟರ್ ಸಂಬಂಧ

ಚಳ್ಳಕೆರೆ ಸೀಮೆಯಲ್ಲಿ ನಮ್ಮ ದೊಡ್ಡಪ್ಪನ ಕಣ್ಣಿಗೆ ಬಿದ್ದೂ ಮದುವೆಯಾಗದೆ ಉಳಿದ ಜೀವ ಒಂದೂ ಇಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಜೀವ ಇಲ್ಲದವು ಮಾತ್ರ ಬಾಕಿ ಇದ್ದವು. ಕಳೆದ ವರ್ಷ ಅವಕ್ಕೂ ಕೈ ಹಾಕಿದರು. ಗಂಡು ಪ್ರೊಸೆಸರ್, ಹೆಣ್ಣು ಮದರ್‌ಬೋರ್ಡ್! ನಗಬೇಡಿ. ಆ ಮದುವೆಗೆ ಮುಹೂರ್ತವಿತ್ತು, ಅರಿಶಿನದ ಶಾಸ್ತ್ರವಿತ್ತು, ಒಂದು ಸಲ ಮುರಿದುಬಿದ್ದು ಮತ್ತೆ ಕೂಡಿಬಂದ ದೊಡ್ಡ ರಾಮಾಯಣವೂ ಇತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನಿದೆ?

ದೊಡ್ಡಪ್ಪನಿಗೆ ಸಂಬಂಧ ಕುದುರಿಸುವುದು ಉದ್ಯೋಗವಲ್ಲ. ಅದಕ್ಕಾಗಿ ಯಾರಿಂದಲೂ ಏನನ್ನೂ ತೆಗೆದುಕೊಂಡವರಲ್ಲ. ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ಒಂದು ಎಲೆ, ಹೆಗಲಿಗೆ ಒಂದು ಹೊಸ ಟವಲ್, ಅಷ್ಟಾದರೆ ತೃಪ್ತಿ. ಅವರ ಮನೆಯಲ್ಲಿರುವ ಟವಲ್‌ಗಳನ್ನೆಲ್ಲ ಗಂಟು ಹಾಕುತ್ತಾ ಹೋದರೆ ಮುಂದಿನ ಊರು ತಳಕಿನ ಬಸ್ ಸ್ಟ್ಯಾಂಡ್ ಮುಟ್ಟಬಹುದು. ಇದು ಚಟ, ಶುದ್ಧ ಚಟ. ಬಸ್ಸಿನಲ್ಲಿ ಪಕ್ಕಕ್ಕೆ ಯಾರಾದರೂ ಕೂತರೆ ಹೆಸರು ಕೇಳುವುದಕ್ಕಿಂತ ಮೊದಲು ಬೆಡಗು ಕೇಳುತ್ತಾರೆ. ಬೆಡಗು ಎಂದರೆ ಕುಲದೊಳಗಿನ ಕವಲು. ಒಂದೇ ಬೆಡಗಿನವರು ಅಣ್ಣತಂಗಿಯರಿದ್ದ ಹಾಗೆ, ಅವರೊಳಗೆ ಮದುವೆ ಕೂಡದು. ಇದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಒಮ್ಮೆ ದೊಡ್ಡಪ್ಪ ಹಲ್ಲು ಕೀಳಿಸಲು ಹೋದಾಗ, ಬಾಯಿ ತುಂಬ ಹತ್ತಿ ತುರುಕಿಸಿಕೊಂಡಿದ್ದರೂ ಬಿಡದೆ, ಡಾಕ್ಟರ ಕೊರಳು ತೋರಿಸಿ, ತಮ್ಮ ಕೊರಳು ತೋರಿಸಿ, ಮೂರು ಗಂಟಿನ ಸನ್ನೆ ಮಾಡಿ ಮದುವೆ ಆಗಿದೆಯೇ ಎಂದು ವಿಚಾರಿಸಿದ್ದರು. ಆಗಿರಲಿಲ್ಲ. ಈಗ ಆಗಿದೆ, ಎರಡು ಮಕ್ಕಳು!

ಇಂಥವರ ಕೈಯಲ್ಲಿ ಒಂದೇ ಒಂದು ಸಂಬಂಧ ಕೆಟ್ಟಿತು. ಅದು ಸ್ವಂತ ಮಗಳದ್ದು.

ಆ ಮಗಳನ್ನು, ಎಂದರೆ ನನ್ನ ಅಕ್ಕನನ್ನು, ಅವರು ಮೊಳಕಾಲ್ಮೂರಿಗೆ ಕೊಟ್ಟರು. ಭಾವ ಅಲ್ಲಿಯ ಮಗ್ಗದ ರೇಷ್ಮೆ ಸೀರೆಗಳಿಗೆ ಅಂಚು, ಸೆರಗಿನ ಚಿತ್ತಾರ ಬರೆದುಕೊಡುವವರು. ಮೊದಲು ಚೌಕಳಿ ಹಾಳೆಯ ಮೇಲೆ ಬರೆಯುತ್ತಿದ್ದರು, ಆಮೇಲೆ ಕಂಪ್ಯೂಟರಿನಲ್ಲಿ. ಕುಡಿತವಿಲ್ಲ, ಇಸ್ಪೀಟಿಲ್ಲ. ಬಾಯಿಯೂ ಇಲ್ಲ! ಬೆಳಗಿನಿಂದ ಸಂಜೆಯತನಕ ‘ಹೂಂ’, ‘ಉಹೂಂ’ ಬಿಟ್ಟರೆ ಮೂರನೇ ಮಾತಿಲ್ಲ. ನಮ್ಮ ಅಕ್ಕನಿಗೋ ಮಾತೇ ಉಸಿರು. ‘ಗೋಡೆ ಜತೆ ಸಂಸಾರ ಮಾಡಿದಂಗೆ ಆಗೈತೆ’ ಎನ್ನುತ್ತಾ ಒಂದು ದಿನ ಮಗಳ ಕೈ ಹಿಡಿದುಕೊಂಡು ಚಳ್ಳಕೆರೆಯ ತವರಿಗೆ ಬಂದುಬಿಟ್ಟಳು. ಭಾವ ಕರೆದುಕೊಂಡು ಹೋಗಲು ಬಂದರು. ಬೆಳಿಗ್ಗೆ ಬಂದು ಪಡಸಾಲೆಯ ಮಂಚದ ಮೇಲೆ ಕೂತವರು ಮಧ್ಯಾಹ್ನದವರೆಗೆ ಕೂತೇ ಇದ್ದರು, ಕೊಟ್ಟ ಟೀ ಕುಡಿದರು, ಒಂದು ಮಾತೂ ಆಡದೆ ಎದ್ದು ಹೋದರು.

“ಕಳಿಸ್ರಿ ಅಂತ ಬಾಯಿ ಬಿಟ್ಟು ಅಂದಿದ್ರೆ ನಾನೇ ಮಗಳಿಗೆ ಬುದ್ಧಿ ಹೇಳಿ ಕಳಿಸ್ತಿದ್ನಲ್ಲಲೇ! ಒಂದು ಮಾತು! ಒಂದೇ ಒಂದು ಮಾತು ಆಡಾಕೆ ಆ ಮನುಷ್ಯಂಗೆ ಏನಾಗಿತ್ತು?” ಎಂದು ದೊಡ್ಡಪ್ಪ ಅವತ್ತು ನನ್ನ ಮುಂದೆ ಕೂಗಾಡಿದರು. ಜಗಳವಾಡಿದ್ದರೆ ಅವರಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮಾತಿನಿಂದಲೇ ನೂರಾರು ಮನೆ ಕಟ್ಟಿದವರಿಗೆ ಆ ಮೌನ ದೊಡ್ಡ ಅವಮಾನವಾಗಿತ್ತು. ‘ಆ ಮನುಷ್ಯನ ದನಿ ನನ್ನ ಮನ್ಯಾಗೆ ಕೇಳಬಾರದು’ ಎಂದು ಅಪ್ಪಣೆಯಾಯಿತು. ಇಲ್ಲದ ದನಿಗೆ ಯಾಕಪ್ಪಾ ಈ ಬಂದೋಬಸ್ತು ಎಂದು ಕೇಳುವ ಎದೆಗಾರಿಕೆ ಯಾರಿಗಿತ್ತು?

ಅವತ್ತಿನಿಂದ ಅಳಿಯನ ಹೆಸರೂ ಇಲ್ಲ, ಅಳಿಯನ ಊರಿನ ಹೆಸರೂ ಇಲ್ಲ. ಮೊಳಕಾಲ್ಮೂರು ಎನ್ನಬೇಕಾದಲ್ಲೆಲ್ಲ ‘ಆ ಕಡೆ’ ಎನ್ನುತ್ತಾರೆ. ಒಮ್ಮೆ ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ನಾನೂ ಅವರೂ ಹೊರಟಿದ್ದೆವು. ಬಸ್ಸು ಮೊಳಕಾಲ್ಮೂರಿನ ಸ್ಟ್ಯಾಂಡಿಗೆ ಹೊಕ್ಕ ಕೂಡಲೇ ಮುಖದ ಮೇಲೆ ಟವಲ್ ಎಳೆದುಕೊಂಡು ನಿದ್ದೆ ಹೋದರು. ಬಸ್ಸು ಊರು ದಾಟಿದ ಮೇಲೆ ಟವಲ್ ತೆಗೆದು, “ಲೇ, ಆ ಸ್ಟ್ಯಾಂಡಿನಾಗೆ ಹೊಸ ಹೋಟ್ಲು ಆಗೈತೆ ನೋಡಿದ್ಯಾ?” ಎಂದರು. ಎಷ್ಟು ತೆಳುವಾದ ಟವಲ್ಲೋ!

ಈಗ ಕಂಪ್ಯೂಟರಿನ ವಿಚಾರಕ್ಕೆ ಬರುತ್ತೇನೆ. ಅಕ್ಕನ ಮಗಳು, ಮನೆಯವರಿಗೆಲ್ಲ ಪುಟ್ಟಿ, ಇಲ್ಲೇ ಡಿಪ್ಲೊಮಾ ಸೇರಿದಳು. ಕಂಪ್ಯೂಟರ್ ವಿಷಯವೇ ಓದುತ್ತಿರುವುದರಿಂದ ಮನೆಯಲ್ಲಿ ಒಂದು ಕಂಪ್ಯೂಟರ್ ಬೇಕು ಎಂದಳು. ಒಂದು ಸಂಜೆ ನನ್ನನ್ನು ಮಾಳಿಗೆಯ ಮೇಲೆ ಕರೆದುಕೊಂಡು ಹೋಗಿ ನಿಜ ಹೇಳಿದಳು.

“ಓದಾಕೂ ಬೇಕು ಮಾಮ. ಆದ್ರೆ ಆಟ ಆಡಾಕೆ ಅದಕ್ಕಿಂತ ಜಾಸ್ತಿ ಬೇಕು. ಲ್ಯಾಪ್‌ಟಾಪ್ ಬ್ಯಾಡ. ಅಷ್ಟೇ ದುಡ್ಡಿಗೆ ಬಿಡಿಬಿಡಿಯಾಗಿ ತಂದು ನಾನೇ ಜೋಡಿಸಿದ್ರೆ ಇನ್ನೂ ಜೋರಾಗಿರದು ಬರ್ತೈತೆ.”

“ಅಂಥಾ ಆಟ ಯಾವುದೇ ತಾಯಿ?”

“ಅಪ್ಪ ಆಡ್ತಾನಲ್ಲ, ಅದು. ನಾನು ಸಣ್ಣಾಕಿ ಇದ್ದಾಗ ಅವನ ತೊಡೆ ಮ್ಯಾಲೆ ಕೂತು ಕಲಿತಿದ್ದು. ನನ್ನ ಫೋನ್‌ನಾಗೆ ಅದು ತೆರೆಯೋದೇ ಇಲ್ಲ. ಇಬ್ಬರು ಜೋಡಿಯಾಗಿ ಆಡೋ ಆಟ ಅದು, ಅಪ್ಪ ಅಲ್ಲಿ ಯಾರೋ ಗೊತ್ತಿಲ್ಲದವರ ಜತೆ ಆಡ್ತಾ ಕೂತಿರ್ತಾನೆ.”

“ಫೋನ್ ಮಾಡ್ತೀಯಲ್ಲ ಅವರಿಗೆ, ಮಾತಾಡಲ್ವಾ?”

“ಫೋನ್‌ನಾಗೆ ಅಪ್ಪಂಗೆ ಮಾತೇ ಬರಲ್ಲ ಮಾಮ. ಹೂಂ, ಹೂಂ, ಇಡ್ತೀನಿ ಪುಟ್ಟಿ. ಅಷ್ಟೇ. ಆಟದಾಗೆ ಮಾತ್ರ ಬಾಯಿ ಮುಚ್ಚಲ್ಲ. ಕಣ್ಣು ಬೇರೆ ಕಡೆ ಇದ್ರೆ ಅವನಿಗೆ ಮಾತು ಬರ್ತೈತೆ.” ಸ್ವಲ್ಪ ತಡೆದು, “ತಾತಂಗೆ ಹೇಳಬ್ಯಾಡ. ಗೊತ್ತಾದ್ರೆ ಕಂಪ್ಯೂಟರೂ ಇಲ್ಲ, ಅಪ್ಪನೂ ಇಲ್ಲ” ಎಂದಳು.

ಆಯಿತು ಎಂದೆ. ಅಕ್ಕನಿಗೂ ಇದು ಗೊತ್ತಿತ್ತು. ಅವಳು ಹೂಂ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಗಂಡನಿಂದ ಅಷ್ಟು ಮಾತ್ರ ಕಲಿತಿದ್ದಳು.

ದೊಡ್ಡಪ್ಪನ ಮುಂದೆ ನಾನು ಓದಿನ ಭಾಗವನ್ನು ಮಾತ್ರ ಇಟ್ಟೆ. ಬಿಡಿಭಾಗಗಳನ್ನು ತಂದು ಜೋಡಿಸಬೇಕು, ಆದರೆ ಯಾವುದು ಯಾವುದಕ್ಕೆ ಹೊಂದುತ್ತದೆ ಎಂದು ನೋಡಿ ತರಬೇಕು ಎಂದದ್ದೇ ತಪ್ಪಾಯಿತು. ಮಲಗಿದ್ದವರು ಎದ್ದು ಕೂತರು.

“ಹೊಂದಾಣಿಕೆ ನೋಡಬೇಕಾ? ಅದಕ್ಕೆ ನೀನ್ಯಾಕಲೇ? ಗಣಿತದ ಮೇಷ್ಟ್ರು ನೀನು, ಕೂಡಿಸಾದು ಕಳೆಯಾದು ಅಷ್ಟೇ ಗೊತ್ತು ನಿಂಗೆ. ನಾಳೆ ಮಂಗಳವಾರ, ಬ್ಯಾಡ. ಬುಧವಾರ ಹೋಗಿ ನೋಡಿಕೊಂಡು ಬರಾಣ.”

ಬುಧವಾರ ಹೊಸ ಟವಲ್ ಹೊದ್ದು ಸಿದ್ಧರಾದರು. ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಅಂಗಡಿಯ ಸಾಬರು ನನಗೆ ಪರಿಚಯದವರು. ದೊಡ್ಡಪ್ಪ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತು, ನೀರು ಕೇಳಿ ಕುಡಿದು, ಮಳೆ ಬೆಳೆ ವಿಚಾರಿಸಿ, ಅರ್ಧ ಗಂಟೆಯ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. ಗಂಡು ನೋಡಲು ಹೋದಾಗ ಬಾಗಿಲಲ್ಲೇ ವಿಷಯ ಎತ್ತುತ್ತಾರೆಯೇ?

ಸಾಬರು ಪಾಪ, ಮದರ್‌ಬೋರ್ಡ್ ತೋರಿಸಿ, “ಇದರ ಮೇಲೆ ಪ್ರೊಸೆಸರ್ ಕೂರ್ತೈತೆ ಯಜಮಾನ್ರೇ. ಎಲ್ಲಾ ಕೆಲಸ ಅದೇ ಮಾಡದು” ಎಂದು ವಿವರಿಸಿದರು.

“ಅಂದ್ರೆ ಹೆಣ್ಣಿನ ಮನಿಗೆ ಬಂದು ಗಂಡು ಕೂರ್ತಾನೆ. ಮನೆ ಅಳಿಯ!”

“ಹಂಗೇ ಅನ್ಕೊಳ್ರಿ. ಜಲ್ದಿ ಬಿಸಿ ಆಗ್ತಾನೆ. ಅದಕ್ಕೇ ತಲೆ ಮ್ಯಾಲೆ ಒಂದು ಫ್ಯಾನ್ ಇಡ್ತೀವಿ.”

“ಎಲ್ಲಾ ಅಳಿಯಂದಿರೂ ಅಷ್ಟೇ ಬಿಡ್ರಿ ಸಾಬ್ರೇ” ಎಂದು ದೊಡ್ಡಪ್ಪ ಎಲ್ಲೋ ನೋಡಿದರು. “ಇವರ ಬೆಡಗು ಯಾವುದು?”

ಸಾಬರು ನನ್ನ ಮುಖ ನೋಡಿದರು. ಯಾವ ಕಂಪನಿ ಎಂದು ಕೇಳುತ್ತಿದ್ದಾರೆ ಎಂದು ನಾನು ಸಮಾಧಾನ ಹೇಳಿದೆ. ಪ್ರೊಸೆಸರ್ ಲೋಕದಲ್ಲಿ ಎರಡೇ ದೊಡ್ಡ ಮನೆತನಗಳು. ಹುಡುಗರು ಅವನ್ನು ಕೆಂಪು ಕಂಪನಿ, ನೀಲಿ ಕಂಪನಿ ಎನ್ನುತ್ತಾರೆ. “ಈ ಪ್ರೊಸೆಸರ್ ಕೆಂಪು ಕಂಪನಿದು, ಬೋರ್ಡೂ ಕೆಂಪು ಕಂಪನಿಯದೇ” ಎಂದು ಸಾಬರು ಹೆಮ್ಮೆಯಿಂದ ಹೇಳಿದರು. ದೊಡ್ಡಪ್ಪ ಕುಡಿಯುತ್ತಿದ್ದ ನೀರಿನ ಲೋಟ ಕೆಳಗಿಟ್ಟರು.

“ಎರಡೂ ಒಂದೇ ಬೆಡಗು! ಏನ್ ಮಾತಾಡ್ತೀರಿ ಸಾಬ್ರೇ? ಅಣ್ಣತಂಗಿ ಆಗ್ತಾರಲ್ರೀ!”

ನಾನು ಕೈಮುಗಿದೆ, ಸಾಬರು ಅಲ್ಲಾನ ಮೇಲೆ ಆಣೆ ಹಾಕಿದರು. ಉಪಯೋಗವಾಗಲಿಲ್ಲ. ದೊಡ್ಡಪ್ಪ ಅವತ್ತು ಪ್ರೊಸೆಸರ್ ಮಾತ್ರ ಕೊಂಡು, ‘ಹೆಣ್ಣು ನಾನು ನೋಡ್ತೀನಿ’ ಎಂದು ಎದ್ದರು. ಎರಡು ದಿನ ನನಗೆ ಪರೀಕ್ಷೆಯ ಕೆಲಸವಿತ್ತು. ಆ ಸಮಯ ನೋಡಿ ಬಳ್ಳಾರಿಗೆ ಹೋಗಿ, ತಾವೇ ಮದುವೆ ಮಾಡಿಸಿದ ಒಬ್ಬರ ಅಂಗಡಿಯಿಂದ ನೀಲಿ ಕಂಪನಿಯ ಮದರ್‌ಬೋರ್ಡ್ ತಂದೇಬಿಟ್ಟರು. ‘ಗಂಡು ಊರಾಗೆ ಸಿದ್ಧವಾಗಿ ಐತೆ’ ಎಂದರಂತೆ. ಆ ಪುಣ್ಯಾತ್ಮ ಯಾವ ಗಂಡು ಎಂದು ಕೇಳುವುದು ಬೇಡವೇ?

ಪುಟ್ಟಿ ಡಬ್ಬಿ ತೆರೆದು ನೋಡಿ ತಲೆಯ ಮೇಲೆ ಕೈ ಹೊತ್ತಳು. ಕೆಂಪು ಕಂಪನಿಯ ಪ್ರೊಸೆಸರ್‌ನ ಹೊಟ್ಟೆಯ ತುಂಬ ಸೂಜಿಯಂಥ ಸಣ್ಣ ಮುಳ್ಳುಗಳು. ನೀಲಿ ಕಂಪನಿಯ ಬೋರ್ಡಿನಲ್ಲಿ ಕೂರುವ ಜಾಗದ ತುಂಬವೂ ಮುಳ್ಳುಗಳು. ಗಂಡಿಗೂ ಮುಳ್ಳು, ಹೆಣ್ಣಿಗೂ ಮುಳ್ಳು! ಕೂರುವುದಾದರೂ ಎಲ್ಲಿ?

“ಕೂರಲ್ಲ ತಾತ” ಎಂದಳು ಪುಟ್ಟಿ.

“ಹೊಸದರಾಗೆ ಹಂಗೇ ಕಣವ್ವಾ. ಎರಡು ದಿನ ಒಂದೇ ಕೋಣ್ಯಾಗೆ ಬಿಡು. ಹೊಂದಿಕೊಳ್ತಾವೆ.”

ಬಿಟ್ಟರು! ದೇವರ ಮನೆಯ ಹಲಗೆಯ ಮೇಲೆ ಎರಡನ್ನೂ ಎದುರುಬದುರು ಇಟ್ಟು, ಬಾಗಿಲು ಮುಂದೆ ಮಾಡಿ, ಒಳಗೆ ಯಾರೂ ಹೋಗಬಾರದೆಂದು ಹೇಳಿದರು. ಅಕ್ಕ ದೀಪ ಹಚ್ಚಲು ಹೋದರೂ ಕೆಮ್ಮಿ ಹೋಗು ಎಂದರು. ಎರಡು ದಿನ ಕಳೆದ ಮೇಲೂ ಮುಳ್ಳು ಮುಳ್ಳಾಗಿಯೇ ಇದ್ದವು. ದೊಡ್ಡಪ್ಪ ಬಹಳ ನೊಂದುಕೊಂಡರು. ಮತ್ತೆ ಬಳ್ಳಾರಿಗೆ ಹೋಗಿ, ಸಂಬಂಧ ಮುರಿದ ಮನೆಗೆ ಹೋಗುವಾಗಿನ ಗಾಂಭೀರ್ಯದಲ್ಲಿ ಬೋರ್ಡ್ ಹಿಂತಿರುಗಿಸಿ, ‘ಹುಡುಗೀದೇನೂ ತಪ್ಪಿಲ್ಲ’ ಎಂದು ಹೇಳಿ ಬಂದರು.

ಕೊನೆಗೆ ತೊಡಕು ಬಿಡಿಸಿದವರು ಸಾಬರೇ. ಅವರು ಒಂದು ವಾರ ಇದನ್ನೇ ಯೋಚಿಸಿದ್ದರಂತೆ. “ಯಜಮಾನ್ರೇ, ಆವತ್ತು ನಾನು ಸರಿಯಾಗಿ ಹೇಳಲಿಲ್ಲ. ಪ್ರೊಸೆಸರ್ ಮಾಡಿದ್ದು ಕೆಂಪು ಕಂಪನಿ. ಬೋರ್ಡ್ ಮಾಡಿದ್ದು ಬೇರೆ ಕಂಪನಿ, ಕೆಂಪಿಗೆ ಹೊಂದೋ ಹಂಗೆ ಮಾಡೈತೆ. ಅಂದ್ರೆ ಕುಲ ಒಂದೇ, ಬೆಡಗು ಬೇರೆ!”

ದೊಡ್ಡಪ್ಪ ಎದ್ದು ನಿಂತು ಸಾಬರ ಕೈ ಹಿಡಿದುಕೊಂಡರು. “ಇದನ್ನ ಮೊದ್ಲೇ ಹೇಳಾದು ಬ್ಯಾಡ್ವೇನ್ರೀ? ಏಂದಿರಾ ಇದಿ! ಬಳ್ಳಾರಿಗೆ ಎರಡು ಸಲ ಹೋಗಿ ಬಂದ್ನಲ್ಲ!” ಸಿಟ್ಟಾಗಲಿ ಸಂತೋಷವಾಗಲಿ ಮಿತಿಮೀರಿದರೆ ದೊಡ್ಡಪ್ಪ ತೆಲುಗಿಗೆ ಇಳಿಯುತ್ತಾರೆ. ಆಂಧ್ರದ ಗಡಿಯಾಚೆಯ ರಾಯದುರ್ಗದವರೆಗೆ ಸಂಬಂಧ ಹುಡುಕಿ ಹುಡುಕಿ ಬಂದ ಭಾಷೆ ಅದು.

ಉಳಿದದ್ದು ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್. ಆಟ ಓಡಬೇಕಾದರೆ ಅದೇ ಮುಖ್ಯ, ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಪುಟ್ಟಿ ಸೆಕೆಂಡ್ ಹ್ಯಾಂಡ್ ಸಾಕು ಎಂದಿದ್ದಳು. ಸಾಬರು ಒಂದನ್ನು ತರಿಸಿ ಮೇಜಿನ ಮೇಲಿಟ್ಟರು. ದೊಡ್ಡಪ್ಪ ಅದನ್ನು ಎತ್ತಿ, ಎರಡೂ ಫ್ಯಾನ್‌ಗಳನ್ನು ಬೆರಳಿನಿಂದ ತಿರುಗಿಸಿ ನೋಡಿದರು.

“ಮೊದಲನೇ ಮನೆಯಿಂದ ಯಾಕೆ ಬಿಟ್ಟು ಬಂತು?”

“ಅದರದ್ದೇನೂ ತೊಂದರೆ ಇಲ್ಲ ಯಜಮಾನ್ರೇ. ಆ ಹುಡುಗಂಗೆ ಇನ್ನೂ ದೊಡ್ಡದು ಬೇಕಾಯ್ತು, ಇದನ್ನ ಬಿಟ್ಟ.”

“ಅಂದ್ರೆ ತಪ್ಪು ಇದರದ್ದಲ್ಲ.”

“ಬಿಲ್ಕುಲ್ ಅಲ್ಲ.”

ದೊಡ್ಡಪ್ಪ ಕಾರ್ಡಿನ ಮೇಲಿನ ಧೂಳನ್ನು ಟವಲಿನ ತುದಿಯಿಂದ ಒರೆಸಿದರು. “ಮನೆ ಬಿಟ್ಟು ಬಂದೋರದ್ದೆಲ್ಲಾ ಏನೋ ತಪ್ಪಿರ್ತೈತೆ ಅಂತ ಜನ ಮಾತಾಡ್ತಾರೆ ಸಾಬ್ರೇ. ಇರಲ್ಲ” ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಮರುಕ್ಷಣವೇ ಹೆಗಲ ಟವಲ್ ತೆಗೆದು ಸಾಬರ ಕೈಯ ಮೇಲೆ ಹೊದಿಸಿದರು. ಕುರಿ ಸಂತೆಯಲ್ಲಿ ಹೀಗೆಯೇ, ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲಿನ ಕೆಳಗೆ ಬೆರಳು ಹಿಡಿದು ತಿಳಿಸಬೇಕು. ಸಾಬರೂ ಚಳ್ಳಕೆರೆಯವರೇ, ಅಜ್ಜನ ಕಾಲದಿಂದ ಸಂತೆ ಗೊತ್ತು. ಟವಲ್ ಒಳಗೆ ಬೆರಳುಗಳು ಓಡಾಡಿದವು, ಒಬ್ಬರ ಹುಬ್ಬು ಏರಿತು, ಇನ್ನೊಬ್ಬರ ತಲೆ ಅಲ್ಲಾಡಿತು. ಮೂರು ಜನ ಕಾಲೇಜು ಹುಡುಗರು ಮೌಸ್ ಕೊಳ್ಳಲು ಬಂದವರು ಬಾಯಿ ತೆರೆದು ನಿಂತರು. ವ್ಯಾಪಾರ ಕುದುರಿತು. ಏನು ಬೆಲೆ ಎಂದು ಇಬ್ಬರೂ ಇವತ್ತಿನವರೆಗೆ ನನಗೆ ಹೇಳಿಲ್ಲ.

ಮುಹೂರ್ತ ಶುಕ್ರವಾರ ಬೆಳಿಗ್ಗೆ. ಪಡಸಾಲೆಯಲ್ಲಿ ಜಮಖಾನೆ ಹಾಸಿ ಪುಟ್ಟಿ ಜೋಡಿಸಲು ಕೂತಳು. ವಿಡಿಯೋ ನೋಡಿ ನೋಡಿ ಎಲ್ಲವನ್ನೂ ಬಾಯಿಪಾಠ ಮಾಡಿದ್ದಳು. ಪ್ರೊಸೆಸರ್ ಸದ್ದಿಲ್ಲದೆ ತನ್ನ ಜಾಗದಲ್ಲಿ ಕೂತಿತು. ‘ನೋಡ್ದ್ಯಾ, ಹೆಂಗೆ ಕೂತ!’ ಎಂದು ದೊಡ್ಡಪ್ಪ ನನ್ನ ತೊಡೆಗೆ ಹೊಡೆದರು. ಆಮೇಲೆ ಅದರ ನೆತ್ತಿಗೆ ಶಾಖ ಸಾಗಿಸುವ ಪೇಸ್ಟ್ ಹಚ್ಚಬೇಕಿತ್ತು. ಪುಟ್ಟಿ ಸಣ್ಣ ಟ್ಯೂಬ್ ಎತ್ತಿಕೊಂಡಳೋ ಇಲ್ಲವೋ, ದೊಡ್ಡಪ್ಪ ಕಿತ್ತುಕೊಂಡರು.

“ಅರಿಶಿನ ಹಿರಿಯರ ಕೈಲೇ ಆಗಬೇಕು.”

“ತಾತ, ಒಂದು ಅಕ್ಕಿಕಾಳಷ್ಟು! ಅಷ್ಟೇ!”

ಅಕ್ಕಿಕಾಳಷ್ಟು ಅರಿಶಿನವನ್ನು ಯಾವ ಮದುಮಗನಿಗೆ ಯಾರು ಹಚ್ಚಿದ್ದಾರೆ? ದೊಡ್ಡಪ್ಪ ಟ್ಯೂಬಿನ ಕುತ್ತಿಗೆ ಹಿಚುಕಿದರು. ಮದುಮಗ ಕಾಣದಂತಾದ. ಪುಟ್ಟಿ ಅರ್ಧ ಗಂಟೆ ಒರೆಸಿದಳು, ಒಂದು ಹೊಸ ಟವಲ್ ಖರ್ಚಾಯಿತು.

ಎಲ್ಲಾ ಮುಗಿದು ಬಟನ್ ಒತ್ತುವ ಹೊತ್ತಿಗೆ ಕರೆಂಟ್ ಹೋಯಿತು. ದೃಷ್ಟಿಯಾಗಿದೆ ಎಂದು ತೆಂಗಿನಕಾಯಿ ಒಡೆದರು. ಕರೆಂಟ್ ಬಂತು. ಫ್ಯಾನ್ ತಿರುಗಿತು, ಪರದೆ ಬೆಳಗಿತು. ದೊಡ್ಡಪ್ಪ ಮೊದಲೇ ಹಂಚಿದ್ದ ಅಕ್ಷತೆಯನ್ನು ನಾವೆಲ್ಲ ‘ಶುಭವಾಗಲಿ’ ಎಂದು ಎರಚಿದೆವು. ಎಲ್ಲವನ್ನೂ ಒಳಗೆ ಕೂರಿಸಿದ ಆ ಕ್ಯಾಬಿನೆಟ್ಟಿನ ನೆತ್ತಿಯಲ್ಲಿ ಗಾಳಿಗಾಗಿ ಜಾಲರಿ ಇದೆ ಎಂಬುದು ಎರಚುವ ಭರದಲ್ಲಿ ನನಗೂ ಹೊಳೆಯಲಿಲ್ಲ. ಒಳಗಿನಿಂದ ಗಿರಣಿಗೆ ಕಾಳು ಬಿದ್ದಂಥ ಸದ್ದು! ಪುಟ್ಟಿ ‘ತಾತಾ!’ ಎಂದು ಕಿರುಚಿ ಪ್ಲಗ್ ಕಿತ್ತಳು. ಸಂಜೆಯವರೆಗೆ ಚಿಮಟದಿಂದ ಅಕ್ಕಿ ಆರಿಸಿದೆವು. ಒಂದು ಕಾಳು ಎಲ್ಲೋ ಉಳಿದುಕೊಂಡಿರಬೇಕು, ಆಟ ಜೋರಾದಾಗ ಈಗಲೂ ಒಳಗೆ ಕಟಕಟ ಎನ್ನುತ್ತದೆ.

ಆಟ ಶುರುವಾಯಿತು. ಸಂಜೆ ಕಾಲೇಜಿನಿಂದ ಬಂದು, ಹೋಂವರ್ಕ್ ಮುಗಿಸಿ, ಪುಟ್ಟಿ ಕಿವಿಗೆ ಹೆಡ್‌ಫೋನ್ ಹಾಕಿ, ಮುಂದೆ ಸಣ್ಣ ಮೈಕ್ ಇಟ್ಟುಕೊಂಡು ಕೂರುತ್ತಿದ್ದಳು. ಮೊಳಕಾಲ್ಮೂರಿನಲ್ಲಿ ಮಗ್ಗಗಳ ಸದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಅಲ್ಲಿಂದ ಭಾವ ಬರುತ್ತಿದ್ದರು. ಅವರ ದನಿ ಅವಳ ಕಿವಿಗೆ ಮಾತ್ರ. ಅವಳು ‘ಹಿಂದೆ ಬಂದೆ, ಹೋಗು’, ‘ಗುಂಡು ಖಾಲಿ’ ಎಂದು ಕೂಗುವುದು ಮಾತ್ರ ನಮಗೆ. ಯಾರ ಜೊತೆ ಎಂದು ದೊಡ್ಡಪ್ಪ ಕೇಳಿದಾಗ, ‘ಗೊತ್ತಿರೋರು ತಾತ’ ಎಂದಳು. ಸುಳ್ಳೇನಲ್ಲವಲ್ಲ.

ಆದರೆ ದೊಡ್ಡಪ್ಪ ಎಲ್ಲಿಯಾದರೂ ಇಬ್ಬರು ಜೊತೆಗಿದ್ದರೆ ನೋಡದೆ ಇರುವವರೇ? ಮಂಚ ಎಳೆದುಕೊಂಡು ದಿನಾ ಅವಳ ಬೆನ್ನ ಹಿಂದೆ ಕೂರತೊಡಗಿದರು. ಪರದೆಯ ಮೇಲೆ ಪುಟ್ಟಿಯ ಬೊಂಬೆ, ಪಕ್ಕದಲ್ಲಿ ಇನ್ನೊಂದು ಬೊಂಬೆ. ಒಂದು ವಾರ ನೋಡಿದ ಮೇಲೆ ನನ್ನನ್ನು ಬಳಿಗೆ ಕರೆದು ಗುಟ್ಟಾಗಿ ಹೇಳಿದರು.

“ಲೇ, ಆ ಹುಡುಗ ಯಾರು? ಒಳ್ಳೆ ಗುಣ ಕಣಲೇ. ದಿನಾ ನೋಡ್ತಿದೀನಿ. ಗುಂಡು ಬಂದ್ರೆ ಮುಂದೆ ಬಂದು ನಿಲ್ತಾನೆ. ಔಷಧಿ ಡಬ್ಬಿ ಸಿಕ್ಕಿದ್ರೆ ತಾನು ತಗಣಲ್ಲ, ನಮ್ಮ ಹುಡುಗಿ ಮುಂದೆ ಇಟ್ಟು ಹಿಂದಕ್ಕೆ ಸರೀತಾನೆ. ಇವಳು ನಿಧಾನ ಆದ್ರೆ ನಿಂತು ಕಾಯ್ತಾನೆ. ಬಿಟ್ಟು ಮುಂದೆ ಹೋಗಿದ್ದು ಒಂದು ದಿನಾನೂ ನೋಡಲಿಲ್ಲ. ಎಷ್ಟು ಜನ ಗಂಡುಗಳ್ನ ನೋಡೀನಿ, ಇಂಥವನು ಸಿಗಲ್ಲ. ಯಾವ ಊರು? ಯಾವ ಬೆಡಗು?”

ನನಗೆ ನಗು, ಅಳು, ಭಯ ಮೂರೂ ಒಟ್ಟಿಗೆ ಬಂದವು. ನಾನು ಏನೋ ತೊದಲುವಷ್ಟರಲ್ಲಿ ಪುಟ್ಟಿ ಹೆಡ್‌ಫೋನ್ ತೆಗೆದು ತಿರುಗಿದಳು. ಪೂರ್ತಿ ಕೇಳಿಸಿಕೊಂಡಿದ್ದಳು.

“ತಾತ, ಅವರಿಗೆ ಮದುವೆ ಆಗೈತೆ.”

“ಥೂ! ಒಳ್ಳೆಯವರೆಲ್ಲಾ ಮೊದ್ಲೇ ಖರ್ಚಾಗಿರ್ತಾರೆ!” ದೊಡ್ಡಪ್ಪ ಕೈ ಕೊಡವಿದರು. ಆಮೇಲೆ ಮನಸ್ಸು ತಡೆಯದೆ, “ಯಾರೋ ಏನೋ. ಅವನ ಹೆಂಡ್ತಿ ಪುಣ್ಯ ಮಾಡಿದ್ಲು ಬಿಡು” ಎಂದರು.

ಅಡುಗೆಮನೆಯಲ್ಲಿ ಅಕ್ಕನ ಕೈಯಿಂದ ಸೌಟು ಬಿತ್ತು. ನಮ್ಮಲ್ಲಿ ಯಾರೂ ಆ ಕಡೆ ನೋಡಲಿಲ್ಲ.

ಅಂದಿನಿಂದ ದೊಡ್ಡಪ್ಪ ಆ ಬೊಂಬೆಯ ಅಭಿಮಾನಿಯಾದರು. ಅದು ಸತ್ತರೆ ಲೊಚಗುಟ್ಟುವರು. ಗೆದ್ದರೆ ನನಗೆ ಫೋನ್ ಮಾಡಿ ಹೇಳುವರು. ಒಂದು ಸಲ ಪುಟ್ಟಿ ಕಾಲೇಜಿನ ಪರೀಕ್ಷೆ ಎಂದು ನಾಲ್ಕು ದಿನ ಆಡದೆ ಇದ್ದಾಗ, “ಪಾಪ, ಆ ಹುಡುಗ ಕಾಯ್ತಿರ್ತಾನೇನೋ, ಒಂದು ಮಾತು ತಿಳಿಸಿಬಿಡು” ಎಂದು ಶಿಫಾರಸು ಬೇರೆ! ನನಗೆ ಮಾತ್ರ ದಿನವೂ ಭಯ. ಗೊತ್ತಾದ ದಿನ ಕಂಪ್ಯೂಟರ್ ಎತ್ತಿ ಬೀದಿಗೆ ಎಸೆಯುತ್ತಾರೆ, ಪುಟ್ಟಿಗೆ ಸಿಕ್ಕ ಅಪ್ಪ ಮತ್ತೆ ‘ಹೂಂ, ಇಡ್ತೀನಿ’ ಎನ್ನುವ ಫೋನಿನೊಳಕ್ಕೆ ಹೋಗಿಬಿಡುತ್ತಾರೆ ಎಂದೇ ನಾನು ಅಂದುಕೊಂಡಿದ್ದೆ.

ಆ ದಿನ ಬಂತು. ಒಂದು ಭಾನುವಾರ ಸಂಜೆ, ನಾನೂ ಅಲ್ಲೇ ಇದ್ದೆ. ಆಟ ಬಿಗಿಯಾಗಿತ್ತು. ಇವರಿಬ್ಬರೂ ಒಂದು ಪಾಳು ಮನೆಯೊಳಗೆ ಸಿಕ್ಕಿಕೊಂಡಿದ್ದರು, ಸುತ್ತ ಶತ್ರುಗಳು. ದೊಡ್ಡಪ್ಪ ಮಂಚದ ತುದಿಗೆ ಬಂದು, ಮಂಚದಿಂದ ಎದ್ದು, ಪರದೆಗೆ ಮೂಗು ತಾಗುವಂತೆ ಬಗ್ಗಿದರು. ಹಾಗೆ ಬಗ್ಗುವಾಗ ಅವರ ಟವಲ್ ಹೆಡ್‌ಫೋನಿನ ವೈರಿಗೆ ಸಿಕ್ಕಿ, ವೈರು ಕಿತ್ತು ಬಂತು. ಮೇಜಿನ ಮೇಲಿದ್ದ ಸ್ಪೀಕರಿನಿಂದ ಒಂದು ದನಿ ಪಡಸಾಲೆಯ ತುಂಬ ಕೇಳಿಸಿತು.

“...ಎಡಕ್ಕೆ ಮಾಳಿಗೆ ಮ್ಯಾಲೆ ಒಬ್ಬ ಅದಾನೆ ಪುಟ್ಟಿ, ನೀನು ನನ್ನ ಬೆನ್ನ ಹಿಂದೇನೇ ಇರು. ಹೆದರಬ್ಯಾಡ, ನಾನಿದೀನಿ. ನಿಮ್ಮವ್ವಂಗೆ ಕೆಮ್ಮು ಅಂದಿದ್ಯಲ್ಲ, ಕಮ್ಮಿ ಆತಾ? ಬಿಸಿನೀರು ಕುಡಿಯಾಕೆ ಹೇಳು, ಹೇಳಿದ್ರೆ ಕೇಳಲ್ಲ ಅವಳು, ಮುಂದೆ ಕೂತು ಕುಡಿಸು. ತಾತ ಇನ್ನೂ ಆ ಮೊಪೆಡ್ ಓಡಿಸ್ತಾರಾ? ಕತ್ತಲಾದ್ಮ್ಯಾಲೆ ಓಡಿಸಬ್ಯಾಡ್ರಿ ಅನ್ನು, ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ. ಯಾಕೆ ಪುಟ್ಟಿ, ನಿಂತುಬಿಟ್ಟೆ? ಪುಟ್ಟಿ?”

ಪುಟ್ಟಿಯ ಎರಡೂ ಕೈ ಕೀಬೋರ್ಡಿನಿಂದ ಬಿದ್ದುಹೋಗಿದ್ದವು. ಅವಳು ತಾತನ ಮುಖವನ್ನೇ ನೋಡುತ್ತಿದ್ದಳು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಷ್ಟು ಉದ್ದದ ಮಾತನ್ನು ಆ ಮನುಷ್ಯನ ಬಾಯಿಂದ ನಾವು ಯಾರೂ ಕೇಳಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷ ಜೊತೆಗಿದ್ದ ಅಕ್ಕನೂ ಕೇಳಿರಲಿಲ್ಲ.

ಪರದೆಯ ಮೇಲೆ ಪುಟ್ಟಿಯ ಬೊಂಬೆ ಅಲುಗಾಡದೆ ನಿಂತಿತ್ತು. ಎಲ್ಲ ಕಡೆಯಿಂದ ಗುಂಡು ಬರತೊಡಗಿತು. ಓಡಿಹೋಗಲು ಹಿಂದಿನ ಬಾಗಿಲಿತ್ತು. ಭಾವನ ಬೊಂಬೆ ಓಡಲಿಲ್ಲ. ಅವಳ ಮುಂದೆ ಬಂದು, ಎರಡೂ ಕಡೆ ತಿರುಗುತ್ತಾ ಗುಂಡುಗಳನ್ನೆಲ್ಲ ತಾನೇ ತಿನ್ನುತ್ತಾ ನಿಂತುಬಿಟ್ಟಿತು. “ಪುಟ್ಟಿ, ಏನಾತವ್ವಾ? ಮಾತಾಡು. ಏನಾದ್ರೂ ಮಾತಾಡು” ಎಂದು ಸ್ಪೀಕರ್ ಬೇಡಿಕೊಳ್ಳುತ್ತಿತ್ತು.

ದೊಡ್ಡಪ್ಪ ಕಂಪ್ಯೂಟರನ್ನು ಎತ್ತಿ ಎಸೆಯಲಿಲ್ಲ. ಮೇಜಿನ ಮೇಲಿದ್ದ ಸಣ್ಣ ಮೈಕನ್ನು ಬಾಯಿಯ ಹತ್ತಿರ ತಂದುಕೊಂಡರು. ಎರಡು ಸಲ ಬಾಯಿ ತೆರೆದರೂ ದನಿ ಬರಲಿಲ್ಲ. ಮೂರನೆಯ ಸಲ ಬಂತು.

“ಅಳಿಯಂದಿರೇ, ಮೊದ್ಲು ಪಕ್ಕಕ್ಕೆ ಸರೀರಿ. ಗುಂಡು ಬೀಳ್ತಾವೆ ನಿಮಗೆ.”

ಪರದೆಯ ಮೇಲೆ ಇಬ್ಬರೂ ಉರುಳಿ ಬಿದ್ದರು, ಆಟ ಮುಗಿಯಿತು ಎಂದು ದೊಡ್ಡ ಅಕ್ಷರ ಬಂತು. ಯಾರೂ ಅದನ್ನು ಓದಲಿಲ್ಲ. ಬಹಳ ಹೊತ್ತಾದ ಮೇಲೆ ಮೊಳಕಾಲ್ಮೂರಿನಿಂದ ಮೆಲ್ಲಗೆ ಕೇಳಿಸಿತು.

“ಮಾವ... ನೀವಾ?”

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ನಾನೂ ಅಳುತ್ತಿದ್ದೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಮೊಮ್ಮಗಳ ಪಕ್ಕ ಕೂತರು.

“ಹೂಂ, ನಾನೇ. ಇನ್ನೊಂದು ಆಟ ಹಾಕ್ರಿ. ನೀವು ಮಾತಾಡ್ತಾ ಇರ್ರಿ, ನಾನು ಇಲ್ಲೇ ಕೂತು ಕೇಳ್ತೀನಿ.”